ಓಚನೊಮಿಝು ಇಳಿಜಾರಿನ ಹಳೆಯ ಪೆಟ್ಟಿಗೆಗಳು

ಟೋಕಿಯೋ ನಗರದ ಓಚನೊಮಿಝು ರೈಲು ನಿಲ್ದಾಣ ಕಂದಾ ಹೊಳೆಯ ದಂಡೆಗೇ ಅಂಟಿಕೊಂಡಿದೆ. ಕಿತ್ತಳೆ ಪಟ್ಟಿಯ ಚುವೊ ಮಾರ್ಗದ ರೈಲು, ಹಳದಿ ಪಟ್ಟಿಯ ಸೋಬು ಮಾರ್ಗದ ರೈಲು ಇಲ್ಲಿ ಅಕ್ಕಪಕ್ಕ ಬಂದು ನಿಲ್ಲುತ್ತವೆ. ಹಿಜಿರಿ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದರೆ ಇನ್ನೊಂದು ತಮಾಷೆ. ನೆಲದಡಿಯ ಮರುನೊಉಚಿ ಮಾರ್ಗದ ಕೆಂಪು ರೈಲು ಸುರಂಗದಿಂದ ಹೊರಬಂದು, ಹೊಳೆ ದಾಟಿ, ಕಣ್ಣು ಮಿಟುಕಿಸುವುದರೊಳಗೆ ಆಚೆ ದಡದ ಸುರಂಗದಲ್ಲಿ ಮಾಯವಾಗುತ್ತದೆ. ಮೂರು ರೈಲುಗಳೂ ಒಟ್ಟಿಗೆ ಕಾಣುವ ಗಳಿಗೆಗಾಗಿ ಕ್ಯಾಮೆರಾ ಹಿಡಿದು ಕಾಯುವವರು ಸೇತುವೆಯ ಮೇಲೆ ಯಾವಾಗಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ.

ಬೆಂಗಳೂರಿನಿಂದ ಮಗಳ ಮನೆಗೆ ಬಂದಿದ್ದ ನಿವೃತ್ತ ಎಂಜಿನಿಯರೊಬ್ಬರಿಗೆ ಮಾತ್ರ ರೈಲುಗಳ ಕಡೆ ಗಮನವಿರಲಿಲ್ಲ. ಅವರ ಜೇಬಿನಲ್ಲಿ ಮಡಿಚಿದ ಒಂದು ಹಾಳೆಯಿತ್ತು. ಅದರಲ್ಲಿ ಐದು ಹೆಸರುಗಳು. ಐದೂ ಅಚ್ಚು ನಿಂತುಹೋದ ಜಾಝ್ ಸಂಗೀತದ ಬಾಕ್ಸ್ ಸೆಟ್‌ಗಳು. ವಿಮಾನದಲ್ಲಿ ಒಯ್ಯಬಹುದಾದ ತೂಕ 23 ಕಿಲೋ; ಅದರಲ್ಲಿ ಬಟ್ಟೆಬರೆ, ಬಂಧುಬಳಗಕ್ಕೆ ಕೊಂಡ ಸಾಮಾನು ಕಳೆದು ಉಳಿದದ್ದು ಆರು ಕಿಲೋ. ಐದರಲ್ಲಿ ಯಾವುದು ಊರಿಗೆ ಬರಬೇಕು, ಯಾವುದು ಇಲ್ಲೇ ಉಳಿಯಬೇಕು?

"ಅಪ್ಪಾ, ಇದೆಲ್ಲ ಈಗ ಫೋನಿನಲ್ಲೇ ಬರತ್ತಲ್ಲ" ಎಂದಿದ್ದಳು ಮಗಳು. ಆಮೇಲೆ ಸ್ವಲ್ಪ ತಡೆದು, "ಬೇಜಾರು ಮಾಡ್ಕೋಬೇಡ, ನಿನ್ನ ನಂತರ ಇದನ್ನೆಲ್ಲ ಯಾರು ಕೇಳ್ತಾರೆ?" ಎಂದೂ ಕೇಳಿದ್ದಳು. ಮೊದಲ ಪ್ರಶ್ನೆಗೆ ಉತ್ತರ ಇವರಿಗೆ ಗೊತ್ತಿತ್ತು. ಎರಡನೆಯದಕ್ಕೆ ಗೊತ್ತಿರಲಿಲ್ಲ.

ಇಳಿಜಾರಿನ ರಸ್ತೆ

ನಿಲ್ದಾಣದಿಂದ ದಕ್ಷಿಣಕ್ಕೆ ಇಳಿಯುವ ರಸ್ತೆಯಲ್ಲಿ ಮೊದಲು ಸಿಗುವುದು ಗಿಟಾರುಗಳ ಸಾಲು. ಅಂಗಡಿಯಿಂದ ಅಂಗಡಿಗೆ ಗೋಡೆಯ ತುಂಬ ಗಿಟಾರುಗಳೇ. ಪಕ್ಕದಲ್ಲೇ ಮೇಜಿ ವಿಶ್ವವಿದ್ಯಾಲಯ. ಎಡಕ್ಕೆ ಸ್ವಲ್ಪ ದೂರದಲ್ಲಿ 1891ರಲ್ಲಿ ಕಟ್ಟಿ ಮುಗಿಸಿದ ನಿಕೊಲಾಯ್ ಚರ್ಚಿನ ಹಸಿರು ಗುಮ್ಮಟ. ಇಳಿಜಾರು ಮುಗಿಯುವಲ್ಲಿ ಜಿಂಬೊಚೊ, ಹಳೆಯ ಪುಸ್ತಕಗಳ ಪೇಟೆ. ಇಲ್ಲಿಯ ಅಂಗಡಿಗಳಲ್ಲಿ ಹೆಚ್ಚಿನವು ರಸ್ತೆಯ ದಕ್ಷಿಣ ಬದಿಯಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತಿವೆ. ಬಿಸಿಲು ಬಿದ್ದು ಪುಸ್ತಕ ಬಣ್ಣಗೆಡಬಾರದೆಂಬ ಎಚ್ಚರಿಕೆ. ಪುಸ್ತಕದ ಬಗ್ಗೆ ಇಷ್ಟು ಕಾಳಜಿ ಇರುವ ಊರಿನಲ್ಲಿ ಗ್ರಾಮಫೋನ್ ಪ್ಲೇಟುಗಳ ಗತಿ ಹೇಗಿದ್ದೀತು ಎಂದು ಊಹಿಸುವುದು ಕಷ್ಟವಲ್ಲ.

ಡಿಸ್ಕ್ ಯೂನಿಯನ್ ಎಂಬ ಅಂಗಡಿ ಸಮೂಹ ಈ ಭಾಗದಲ್ಲಿ ಹೆಸರುವಾಸಿ. ಜಾಝ್‌ಗೆಂದೇ ಅದರದೊಂದು ಪ್ರತ್ಯೇಕ ಮಳಿಗೆಯಿದೆ. ಒಳಗೆ ಮಾತಿಲ್ಲ. ಕವರುಗಳನ್ನು ಒಂದೊಂದಾಗಿ ಮಗುಚುವ ಟಪ್ ಟಪ್ ಸದ್ದು ಮಾತ್ರ. ಪ್ರತಿಯೊಂದರ ಮೇಲೂ ಚಿಕ್ಕ ಚೀಟಿ. ಕವರಿನ ಸ್ಥಿತಿಗೆ ಒಂದು ಅಕ್ಷರ, ಪ್ಲೇಟಿನ ಸ್ಥಿತಿಗೆ ಇನ್ನೊಂದು. ಗೀರು ಎಲ್ಲಿದೆ, ಪುಸ್ತಿಕೆ ಇದೆಯೋ ಇಲ್ಲವೋ ಎಂಬುದನ್ನೂ ಅದರಲ್ಲೇ ಬರೆದಿರುತ್ತಾರೆ. ಜಪಾನಿನಲ್ಲಿ ಅಚ್ಚಾದ ಪ್ಲೇಟಿನ ಕವರಿನ ಒಂದು ಅಂಚಿಗೆ ಕಾಗದದ ಪಟ್ಟಿ ಸುತ್ತಿರುತ್ತದೆ. ಅದಕ್ಕೆ 'ಓಬಿ' ಎಂದು ಹೆಸರು; ಕಿಮೋನೊ ಉಡುಪಿನ ಸೊಂಟಪಟ್ಟಿಗೂ ಅದೇ ಹೆಸರು. ಆ ಪಟ್ಟಿ ಕಳೆದುಹೋಗಿದ್ದರೆ ಬೆಲೆ ಇಳಿಯಿತೆಂದೇ ಲೆಕ್ಕ. ಸಂಗೀತಕ್ಕೂ ಆ ಕಾಗದಕ್ಕೂ ಏನು ಸಂಬಂಧ ಎಂದು ಕೇಳಬಾರದು. ಸಂಗ್ರಾಹಕರ ಲೋಕದಲ್ಲಿ ಅದು ಮರ್ಯಾದೆಯ ಪ್ರಶ್ನೆ!

ಪೆಟ್ಟಿಗೆ ಹುಟ್ಟಿದ ಕಥೆ

ಅಂಗಡಿಯ ಕಪಾಟಿನಲ್ಲಿ ಎದ್ದು ಕಾಣುವುದು ಕಪ್ಪು ಬಣ್ಣದ ಚೌಕ ಪೆಟ್ಟಿಗೆಗಳು. ಅವು ಮೊಸಾಯಿಕ್ ಕಂಪನಿಯವು. ಅಮೆರಿಕದ ಕನೆಟಿಕಟ್ ರಾಜ್ಯದ ಸ್ಟ್ಯಾಮ್‌ಫರ್ಡ್‌ನಿಂದ ವ್ಯವಹಾರ ನಡೆಸುತ್ತ ಬಂದ ಈ ಪುಟ್ಟ ಸಂಸ್ಥೆಯನ್ನು 1983ರಲ್ಲಿ ಮೈಕೆಲ್ ಕಸ್ಕುನಾ ಮತ್ತು ಚಾರ್ಲಿ ಲೂರಿ ಎಂಬ ಇಬ್ಬರು ಗೆಳೆಯರು ಆರಂಭಿಸಿದರು. ಬ್ಲೂ ನೋಟ್ ಕಂಪನಿಯ ಉಗ್ರಾಣದಲ್ಲಿ ಹಳೆಯ ಟೇಪುಗಳನ್ನು ವರ್ಷಗಟ್ಟಲೆ ಜಾಲಾಡಿದ್ದ ಕಸ್ಕುನಾ ಅವರಿಗೆ ಪಿಯಾನೋ ವಾದಕ ಥೆಲೋನಿಯಸ್ ಮಾಂಕ್ ಅವರ ಅಪ್ರಕಟಿತ ಸಂಗೀತ ಅರ್ಧ ಗಂಟೆಯಷ್ಟು ಸಿಕ್ಕಿತ್ತು. ಒಂದು ಎಲ್‌ಪಿಗೆ ಸಾಲದು, ಬಿಸಾಡಲು ಮನಸ್ಸಿಲ್ಲ. ಹಾಗಾದರೆ ಮಾಂಕ್ ಬ್ಲೂ ನೋಟ್‌ಗಾಗಿ ನುಡಿಸಿದ್ದೆಲ್ಲವನ್ನೂ ಒಂದೇ ಕಡೆ, ನುಡಿಸಿದ ಕ್ರಮದಲ್ಲೇ ಕೊಟ್ಟರೆ ಹೇಗೆ? ಹೀಗೆ ಹುಟ್ಟಿತು ನಾಲ್ಕು ಎಲ್‌ಪಿಗಳ ಮೊದಲ ಪೆಟ್ಟಿಗೆ.

ಅವರ ವ್ಯಾಪಾರದ ಕ್ರಮ ವಿಚಿತ್ರವಾಗಿತ್ತು. ದೊಡ್ಡ ಕಂಪನಿಯಿಂದ ಹಕ್ಕನ್ನು ನಿಗದಿತ ಕಾಲಕ್ಕೆ, ನಿಗದಿತ ಸಂಖ್ಯೆಗೆ ಪಡೆಯುವುದು. ಮಾಂಕ್ ಪೆಟ್ಟಿಗೆ ಜಗತ್ತಿಗೆಲ್ಲ 7,500. ಪ್ರತಿ ಪೆಟ್ಟಿಗೆಗೂ ಒಂದು ಸಂಖ್ಯೆ. ಅಂಗಡಿಗಳಿಗೆ ಕೊಡುವುದಿಲ್ಲ, ಅಂಚೆಯಲ್ಲಿ ಮಾತ್ರ ಮಾರಾಟ. ಮುಗಿಯಿತೆಂದರೆ ಮುಗಿಯಿತು; ಮತ್ತೆ ಅಚ್ಚು ಹಾಕುವುದಿಲ್ಲ. ಲೂರಿ 2000ದಲ್ಲಿ ತೀರಿಕೊಂಡರು, ಕಸ್ಕುನಾ 2024ರಲ್ಲಿ. ಅವರು ಕಳಿಸಿದ ಪೆಟ್ಟಿಗೆಗಳು ಈಗಲೂ ಕೈಯಿಂದ ಕೈಗೆ ದಾಟುತ್ತಿವೆ. ಅಂಥ ಕೈಗಳಲ್ಲಿ ಜಪಾನೀಯರದೂ ಬಹಳ.

ಆದರೆ ಸಿಗುವುದು ಅಪರೂಪ ಎಂಬ ಒಂದೇ ಕಾರಣಕ್ಕೆ ವಸ್ತು ಅಮೂಲ್ಯವಾಗುವುದಿಲ್ಲ. ನಮ್ಮ ಯಜಮಾನರು ಅಂಗಡಿಯ ಮೂಲೆಯಲ್ಲಿ ನಿಂತು ತಮ್ಮ ಹಾಳೆಯನ್ನು ಬಿಡಿಸಿದ್ದು ಈ ಲೆಕ್ಕಾಚಾರಕ್ಕಾಗಿಯೇ.

ಐದು ಹೆಸರು, ಐದು ಪ್ರಶ್ನೆ

ಮೊದಲನೆಯದು ಹರ್ಬಿ ನಿಕೋಲ್ಸ್. 1963ರಲ್ಲಿ ನಲವತ್ತನಾಲ್ಕನೆಯ ವಯಸ್ಸಿಗೇ ತೀರಿಕೊಂಡ ಈ ಪಿಯಾನೋ ವಾದಕ ಬದುಕಿದ್ದಾಗ ಕೇಳಿದವರು ಕಡಿಮೆ. 1955-56ರಲ್ಲಿ ಬ್ಲೂ ನೋಟ್‌ಗೆ ನುಡಿಸಿದ್ದೆಲ್ಲವನ್ನೂ ಮೊಸಾಯಿಕ್ 1987ರಲ್ಲಿ ಐದು ಎಲ್‌ಪಿಗಳಲ್ಲಿ ಹೊರತಂದಿತು. ಆಗ ಅದು ನಿಧಿಯೇ ಸರಿ. ಆದರೆ 1997ರಲ್ಲಿ ಬ್ಲೂ ನೋಟ್ ಕಂಪನಿಯೇ ಮೂರು ಸಿ.ಡಿ.ಗಳ ಸಂಪುಟ ತಂದಿತು. ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆ: ಇದರೊಳಗಿರುವುದು ಬೇರೆ ಕಡೆ ಸಿಗುತ್ತದೆಯೇ? ಸಿಗುತ್ತದೆ ಎಂದಾದರೆ ಹೆಚ್ಚುವರಿ ದುಡ್ಡು ಕೊಡುವುದು ಎಲ್‌ಪಿಯ ನಾದಕ್ಕೆ, ದೊಡ್ಡ ಅಳತೆಯ ಪುಸ್ತಿಕೆಗೆ, ಅದರ ಚಿತ್ರಗಳಿಗೆ ಮಾತ್ರ. ಅದು ತಪ್ಪೇನಲ್ಲ, ಆದರೆ ಗೊತ್ತಿದ್ದು ಕೊಡಬೇಕು.

ಎರಡನೆಯದು ಟೀನಾ ಬ್ರೂಕ್ಸ್. ಹೆಸರು ಕೇಳಿ ಹೆಂಗಸೆಂದುಕೊಳ್ಳಬೇಡಿ. ಇವರು ಟೆನರ್ ಸ್ಯಾಕ್ಸೊಫೋನ್ ನುಡಿಸುತ್ತಿದ್ದ ಗಂಡಸು. ತಮ್ಮ ಮುಂದಾಳತ್ವದಲ್ಲಿ ನಾಲ್ಕು ಎಲ್‌ಪಿಗಳಿಗಾಗುವಷ್ಟು ನುಡಿಸಿದ್ದರೂ 1974ರಲ್ಲಿ ಸಾಯುವವರೆಗೆ ಹೊರಬಂದದ್ದು ಒಂದೇ ಒಂದು. ಉಳಿದದ್ದು ಉಗ್ರಾಣದಲ್ಲಿ ಕೊಳೆಯುತ್ತಿತ್ತು. 1985ರ ಮೊಸಾಯಿಕ್ ಪೆಟ್ಟಿಗೆ ನಾಲ್ಕನ್ನೂ ಒಟ್ಟಿಗೆ ತಂದಿತು. ಈ ಸಂಗೀತವೂ ಆಮೇಲೆ ಬಿಡಿಬಿಡಿಯಾಗಿ ಸಿಕ್ಕಿದೆ. ಆದರೂ ಕಲಾವಿದನೊಬ್ಬನಿಗೆ ಸತ್ತ ಮೇಲಾದರೂ ನ್ಯಾಯ ಕೊಟ್ಟ ಪೆಟ್ಟಿಗೆ ಇದು ಎಂಬ ಕಾರಣಕ್ಕೆ ಕೊಳ್ಳುವವರಿದ್ದಾರೆ. ಬೆಲೆಯ ಚೀಟಿ ನೋಡಿ ಯಜಮಾನರು ಪೆಟ್ಟಿಗೆಯನ್ನು ಮೆಲ್ಲಗೆ ಹಿಂದಕ್ಕಿಟ್ಟರು.

ಮೂರನೆಯದು ನ್ಯಾಟ್ ಕಿಂಗ್ ಕೋಲ್. ಕ್ಯಾಪಿಟಲ್ ಕಂಪನಿಗೆ ಅವರ ಮೂವರ ತಂಡ ಹಾಡಿ ನುಡಿಸಿದ್ದೆಲ್ಲ ಇದರಲ್ಲಿದೆ. 1991ರಲ್ಲಿ ಬಂದ ಇದು ಸಿ.ಡಿ.ಯಲ್ಲಿ 18, ಎಲ್‌ಪಿಯಲ್ಲಿ 27! ಇಲ್ಲಿ ಪ್ರಶ್ನೆ ಬೇರೆ: ಇದನ್ನು ಕೇಳಿ ಮುಗಿಸುತ್ತೀರಾ? ದಿನಕ್ಕೊಂದು ಸಿ.ಡಿ. ಹಾಕಿದರೂ ಎರಡೂವರೆ ವಾರ ಬೇಕು. ಪೂರ್ಣ ಸಂಗ್ರಹ ಎಂಬ ಮಾತಿನ ಮೋಹದಲ್ಲಿ ಕೊಂಡು, ಮೊದಲ ಎರಡನ್ನು ಕೇಳಿ, ಉಳಿದದ್ದನ್ನು ಧೂಳಿಗೆ ಬಿಟ್ಟವರು ಎಲ್ಲ ಊರುಗಳಲ್ಲೂ ಇದ್ದಾರೆ. ಅಂಥವರಿಗೆ ಎರಡು ಸಿ.ಡಿ.ಯ ಆಯ್ದ ಸಂಗ್ರಹವೇ ಕ್ಷೇಮ.

ಪೂರ್ಣ ಎಂಬ ಮಾತನ್ನೂ ಪೂರ್ತಿ ನಂಬುವಂತಿಲ್ಲ. ಮೈಲ್ಸ್ ಡೇವಿಸ್ 1965ರ ಡಿಸೆಂಬರ್‌ನಲ್ಲಿ ಷಿಕಾಗೋದ ಪ್ಲಗ್ಡ್ ನಿಕಲ್ ಕ್ಲಬ್ಬಿನಲ್ಲಿ ಎರಡು ರಾತ್ರಿ ನುಡಿಸಿದ್ದನ್ನು ಜಪಾನಿನ ಸೋನಿ ಕಂಪನಿ 1992ರಲ್ಲಿ ಏಳು ಸಿ.ಡಿ.ಗಳಲ್ಲಿ ತಂದಿತು. 1995ರಲ್ಲಿ ಅಮೆರಿಕದಲ್ಲಿ ಬಂದದ್ದು ಎಂಟು. ಎರಡರ ಹೆಸರೂ ಪೂರ್ಣವೇ! ಕೊಳ್ಳುವ ಮೊದಲು ತಟ್ಟೆ ಎಣಿಸುವುದು ಒಳ್ಳೆಯದು.

ನಾಲ್ಕನೆಯದು ಜಪಾನಿನದೇ ಸಾಹಸ. 1940ರ ದಶಕದಲ್ಲಿ ನ್ಯೂಯಾರ್ಕಿನ ಕೀನೋಟ್ ಎಂಬ ಸಣ್ಣ ಕಂಪನಿಗೆ ಜಾಝ್ ದಿಗ್ಗಜರೆಲ್ಲ ನುಡಿಸಿದ್ದರು. ಅದನ್ನು ಮುದ್ರಿಸಿದ ಹ್ಯಾರಿ ಲಿಮ್ ಹುಟ್ಟಿದ್ದು ಇಂದಿನ ಜಕಾರ್ತದಲ್ಲಿ. ಆ ಸಂಗೀತವನ್ನೆಲ್ಲ ಹುಡುಕಿ ಜೋಡಿಸಿ 1986ರಲ್ಲಿ 21 ಎಲ್‌ಪಿಗಳ ಪೆಟ್ಟಿಗೆ ಮಾಡಿದವರು ಕಿಯೋಶಿ ಕೊಯಾಮಾ. 'ಸ್ವಿಂಗ್ ಜರ್ನಲ್' ಪತ್ರಿಕೆಯ ಸಂಪಾದಕರಾಗಿದ್ದವರು. 1947ರಲ್ಲಿ ಹುಟ್ಟಿದ ಆ ಪತ್ರಿಕೆ 2010ರಲ್ಲಿ ನಿಂತಿತು. ಕೊಯಾಮಾ 2019ರಲ್ಲಿ ತೀರಿಕೊಂಡರು. ಒಂದು ದೇಶದವರು ನುಡಿಸಿದ್ದನ್ನು ಇನ್ನೊಂದು ದೇಶದಲ್ಲಿ ಹುಟ್ಟಿದವನು ಮುದ್ರಿಸಿ, ಮೂರನೆಯ ದೇಶದವನು ಉಳಿಸಿದ ಕಥೆಯಿದು. ಯಜಮಾನರು ಪೆಟ್ಟಿಗೆ ಎತ್ತಿ ನೋಡಿದರು. ಐದು ಕಿಲೋಗೆ ಮೋಸವಿಲ್ಲ. ಕೊಂಡರೆ ಇದೊಂದೇ, ಬೇರೇನೂ ಇಲ್ಲ.

ಇದರ ಬಹುಪಾಲನ್ನು 2013ರಲ್ಲಿ ಸ್ಪೇನಿನ ಕಂಪನಿಯೊಂದು 11 ಸಿ.ಡಿ.ಗಳಲ್ಲಿ ತಂದಿದೆ. ಐರೋಪ್ಯ ಒಕ್ಕೂಟದ ಕಾನೂನಿನಂತೆ 1963ಕ್ಕೆ ಮೊದಲು ಪ್ರಕಟವಾದ ಧ್ವನಿಮುದ್ರಿಕೆಗಳ ಹಕ್ಕು ಮುಗಿದಿದೆ. ಯಾರು ಬೇಕಾದರೂ ಅಚ್ಚು ಹಾಕಬಹುದು. ಹೀಗೆ ಬರುವ ಅಗ್ಗದ ಪೆಟ್ಟಿಗೆಗಳಲ್ಲಿ ಕೆಲವು ಶ್ರದ್ಧೆಯಿಂದ ಮಾಡಿದವು. ಕೆಲವು ಬೇರೆಯವರ ಸಿ.ಡಿ.ಯನ್ನೇ ನಕಲು ಮಾಡಿದವು. ಮೂಲ ಟೇಪಿನಿಂದ ಬಂದದ್ದೋ, ನಕಲಿನ ನಕಲೋ ಎಂಬುದು ಇನ್ನೊಂದು ಪ್ರಶ್ನೆ. ಮೂಲ ಟೇಪುಗಳೂ ಚಿರಂಜೀವಿಗಳಲ್ಲ. 2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋ ಆವರಣದಲ್ಲಿ ಬೆಂಕಿ ಬಿದ್ದು ಧ್ವನಿಮುದ್ರಣಗಳ ಉಗ್ರಾಣವೊಂದು ಸುಟ್ಟಿತು. ಅಲ್ಲಿ ಹೋದದ್ದೆಷ್ಟು ಎಂಬ ಬಗ್ಗೆ 2019ರಲ್ಲಿ 'ನ್ಯೂಯಾರ್ಕ್ ಟೈಮ್ಸ್' ವರದಿ ಮಾಡಿದಾಗ ದೊಡ್ಡ ಗದ್ದಲವೇ ಎದ್ದಿತು. ಕಂಪನಿ ಅಷ್ಟೊಂದು ಹೋಗಿಲ್ಲ ಎಂದಿತು. ಅದೇನೇ ಇರಲಿ, ಟೇಪು ಚೆನ್ನಾಗಿದ್ದಾಗ ಜಾಗರೂಕತೆಯಿಂದ ತೆಗೆದ ಪ್ರತಿ ಮನೆಯ ಕಪಾಟಿನಲ್ಲಿದ್ದರೆ ಅದಕ್ಕೊಂದು ಬೆಲೆ ಇದ್ದೇ ಇದೆ. ಮಗಳ ಮೊದಲ ಪ್ರಶ್ನೆಗೆ ಇದೇ ಉತ್ತರ. ಫೋನಿನಲ್ಲಿ ಇಂದು ಇರುವುದು ನಾಳೆ ಹಕ್ಕಿನ ತಗಾದೆ ಬಂದರೆ ಇರುವುದಿಲ್ಲ.

ಐದನೆಯದು ಚಾರ್ಲಿ ಪಾರ್ಕರ್. ಡೀನ್ ಬೆನೆಡೆಟ್ಟಿ ಎಂಬ ಸ್ಯಾಕ್ಸೊಫೋನ್ ವಾದಕನಿಗೆ ಪಾರ್ಕರ್ ಎಂದರೆ ದೇವರು. 1947ರಲ್ಲಿ ಲಾಸ್ ಏಂಜಲೀಸಿನ ಹೈ-ಡಿ-ಹೋ ಕ್ಲಬ್ಬಿಗೆ ತಟ್ಟೆ ಕೊರೆಯುವ ಯಂತ್ರ ಹೊತ್ತುಕೊಂಡು ಹೋಗಿ ಪಾರ್ಕರ್ ನುಡಿಸಿದ್ದನ್ನು ಮುದ್ರಿಸಿದ. ಮರುವರ್ಷ ನ್ಯೂಯಾರ್ಕಿನಲ್ಲೂ ಅದೇ ಕೆಲಸ. ಪಾರ್ಕರ್ ಊದುವಾಗ ಯಂತ್ರ ಓಡುತ್ತಿತ್ತು. ಬೇರೆಯವರ ಸರದಿ ಬಂದಾಗ ನಿಲ್ಲಿಸುತ್ತಿದ್ದ. ತಟ್ಟೆಗೆ ಕೊಟ್ಟ ದುಡ್ಡು ಉಳಿಯಬೇಕಲ್ಲ! ಬೆನೆಡೆಟ್ಟಿ 1957ರಲ್ಲಿ ಇಟಲಿಯಲ್ಲಿ ತೀರಿಕೊಂಡ. ಆ ತಟ್ಟೆಗಳು ಕಳೆದೇಹೋದವು ಎಂದು ಜಾಝ್ ಲೋಕ ಕೈಬಿಟ್ಟಿತ್ತು. ಅವನ ಸಹೋದರ ಅವನ್ನು ಜೋಪಾನವಾಗಿ ಇಟ್ಟಿದ್ದ. 1990ರಲ್ಲಿ ಮೊಸಾಯಿಕ್ ಅದನ್ನು 7 ಸಿ.ಡಿ. ಅಥವಾ 10 ಎಲ್‌ಪಿಗಳಲ್ಲಿ ತಂದಿತು.

ಕರಕರ ಸದ್ದು, ಅರ್ಧಕ್ಕೆ ತುಂಡಾದ ಹಾಡುಗಳು. ಭಾನುವಾರ ಸಂಜೆ ನೆಂಟರೆದುರು ಹಾಕುವಂಥದ್ದಲ್ಲ. ಆದರೆ ಪಾರ್ಕರ್ ಆ ರಾತ್ರಿಗಳಲ್ಲಿ ಏನು ನುಡಿಸಿದ ಎಂಬುದಕ್ಕೆ ಇರುವ ಸಾಕ್ಷಿ ಇದೊಂದೇ.

ಕಾಫಿಯ ಜೊತೆ ಒಂದು ಬದಿ

ಸಂಜೆ ಯಜಮಾನರು ತೀರ್ಮಾನ ಮಾಡದೆ ಜಿಂಬೊಚೊದ ಒಂದು ಜಾಝ್ ಕಾಫಿ ಅಂಗಡಿಗೆ ಹೋಗಿ ಕುಳಿತರು. ಜಪಾನೀಯರು ಇವಕ್ಕೆ 'ಜಾಝ್ ಕಿಸ್ಸಾ' ಎನ್ನುತ್ತಾರೆ. ಯುದ್ಧಾನಂತರದ ವರ್ಷಗಳಲ್ಲಿ ಅಮೆರಿಕದ ಒಂದು ಪ್ಲೇಟು ಕೊಳ್ಳುವುದು ಸಾಮಾನ್ಯ ನೌಕರನಿಗೆ ಎಟುಕದ ಮಾತು. ಒಂದು ಕಾಫಿಯ ದುಡ್ಡು ಕೊಟ್ಟು ಕುಳಿತರೆ ಗಂಟೆಗಟ್ಟಲೆ ಕೇಳಬಹುದಿತ್ತು. ಹಲವು ಕಡೆ ಮಾತಾಡುವುದೇ ನಿಷಿದ್ಧವಾಗಿತ್ತು. ಕಾದಂಬರಿಕಾರ ಹರುಕಿ ಮುರಕಮಿ ಕೂಡ 1974ರಿಂದ ಕೆಲವು ವರ್ಷ ಇಂಥದೊಂದು ಅಂಗಡಿ ನಡೆಸುತ್ತಿದ್ದವರೇ. ವಾಸೆದಾ ವಿಶ್ವವಿದ್ಯಾಲಯದಲ್ಲಿ 2021ರಲ್ಲಿ ತೆರೆದ ಅವರ ಹೆಸರಿನ ಗ್ರಂಥಾಲಯದಲ್ಲಿ ಪ್ಲೇಟು ಕೇಳಲೆಂದೇ ಒಂದು ಕೋಣೆಯಿದೆ.

ಈ ಬಗೆಯ ಅಂಗಡಿಗಳಲ್ಲಿ ಹಿರಿಯಜ್ಜನಂತಿದ್ದದ್ದು ಯೋಕೊಹಾಮಾ ಊರಿನ ನೋಗೆ ಬಡಾವಣೆಯ 'ಚಿಗುಸಾ'. ಮಾಮೊರು ಯೋಶಿದಾ 1933ರಲ್ಲಿ ತೆರೆದದ್ದು. 1945ರ ಮೇ 29ರ ಬಾಂಬು ದಾಳಿಯಲ್ಲಿ ಅಂಗಡಿಯೂ ಅವರು ಕೂಡಿಟ್ಟ ಸಾವಿರಾರು ಪ್ಲೇಟುಗಳೂ ಬೂದಿಯಾದವು. ಯುದ್ಧ ಮುಗಿದ ಮೇಲೆ ಯೋಶಿದಾ ಮತ್ತೆ ಒಂದೊಂದಾಗಿ ಪ್ಲೇಟು ಕೂಡಿಸತೊಡಗಿದರು. ಅಲ್ಲಿ ಬಂದು ಕೂತು, ಕೇಳಿದ್ದನ್ನು ಸ್ವರಕ್ಕಿಳಿಸಿ ಬರೆದುಕೊಳ್ಳುತ್ತಿದ್ದ ಹುಡುಗಿಯೊಬ್ಬಳಿದ್ದಳು, ಹೆಸರು ತೋಷಿಕೊ ಅಕಿಯೋಶಿ. 1956ರಲ್ಲಿ ಅಮೆರಿಕದ ಬಾಸ್ಟನ್‌ಗೆ ಹೋಗಿ, ಮುಂದೆ ತನ್ನದೇ ದೊಡ್ಡ ವಾದ್ಯವೃಂದ ಕಟ್ಟಿದಾಕೆ. ಯೋಶಿದಾ ಕಣ್ಮರೆಯಾದ ಮೇಲೂ ಉಳಿದಿದ್ದ ಚಿಗುಸಾ 2007ರಲ್ಲಿ ಮುಚ್ಚಿತು. 2012ರಲ್ಲಿ ಅಭಿಮಾನಿಗಳು ಸೇರಿ ಅದೇ ಪ್ಲೇಟುಗಳೊಂದಿಗೆ ಮತ್ತೆ ತೆರೆದರು. ಸಂಗ್ರಹ ಮಾಡಿದವನು ಹೋದರೂ ಪ್ಲೇಟುಗಳು ಅನಾಥವಾಗಲಿಲ್ಲ.

ತೋಷಿಕೊ ಮದುವೆಯಾದದ್ದು ಚಾರ್ಲಿ ಮರಿಯಾನೊ ಎಂಬ ಸ್ಯಾಕ್ಸೊಫೋನ್ ವಾದಕನನ್ನು. ಅವರಿಬ್ಬರ ದಾರಿ ಬೇರೆಯಾದ ಮೇಲೆ ಮರಿಯಾನೊ ದಕ್ಷಿಣ ಭಾರತಕ್ಕೆ ಬಂದು ನಾಗಸ್ವರ ಕಲಿತರು, ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡಕ್ಕೆ, ಗಾಯಕಿ ಆರ್.ಎ. ರಮಾಮಣಿ ಅವರಿಗೆ ಜೊತೆಯಾದರು. 1983ರಲ್ಲಿ ಮುದ್ರಿತವಾದ 'ಜ್ಯೋತಿ' ಎಂಬ ಎಲ್‌ಪಿ ಅದರ ಫಲ. ಮರಿಯಾನೊ 2009ರಲ್ಲಿ, ಮಣಿ 2020ರಲ್ಲಿ ತೀರಿಕೊಂಡರು. ಯೋಕೊಹಾಮಾದ ಕಾಫಿ ಅಂಗಡಿಯಿಂದ ಬೆಂಗಳೂರಿನವರೆಗೆ ಹೀಗೊಂದು ಎಳೆ. ಅದನ್ನು ಇಂದಿಗೂ ಹಿಡಿದು ತೋರಿಸಬಲ್ಲದ್ದು ಒಂದು ಪ್ಲೇಟು.

ಆರು ಕಿಲೋದ ತೀರ್ಪು

ಮರುದಿನ ಯಜಮಾನರು ಮಗಳನ್ನೂ ಕರೆದುಕೊಂಡು ಅಂಗಡಿಗೆ ಬಂದರು. ಬೆನೆಡೆಟ್ಟಿ ಪೆಟ್ಟಿಗೆಯ ಸಿ.ಡಿ. ರೂಪವನ್ನು ಕೆಳಗಿಳಿಸಿ ಪರೀಕ್ಷೆಗೆ ನಿಂತರು. ಪುಸ್ತಿಕೆ ಇದೆಯೇ? ಇದೆ. ಹಾಳೆಗಳು ಅಂಟಿಕೊಂಡಿವೆಯೇ? ಜಪಾನಿನ ಜೂನ್ ತಿಂಗಳ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದುಂಟು. ಮೂಗಿನ ಹತ್ತಿರ ಹಿಡಿದು ನೋಡಿದರು, ವಾಸನೆಯಿಲ್ಲ. ಹಳೆಯ ಸಿ.ಡಿ. ಪೆಟ್ಟಿಗೆಗಳೊಳಗೆ ಮೆತ್ತೆಗೆಂದು ಇಟ್ಟ ಸ್ಪಂಜು ಕಾಲಾಂತರದಲ್ಲಿ ಕರಗಿ ತಟ್ಟೆಗೆ ಅಂಟುತ್ತದೆ, ಅದನ್ನೂ ನೋಡಿದರು. 1990ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಒಂದು ಕಾರ್ಖಾನೆಯಲ್ಲಿ ತಯಾರಾದ ಸಿ.ಡಿ.ಗಳು ಕಂಚಿನ ಬಣ್ಣಕ್ಕೆ ತಿರುಗಿ ಕೆಟ್ಟದ್ದುಂಟು. ಒಂದೊಂದೇ ತಟ್ಟೆಯನ್ನು ಬೆಳಕಿಗೆ ಹಿಡಿದರು. ಏಳೂ ಬೆಳ್ಳಗೆ ಹೊಳೆದವು. ಅಂಗಡಿಯವನು ತಾಳ್ಮೆಯಿಂದ ನಿಂತಿದ್ದ. ಇಂಥ ಗಿರಾಕಿಗಳು ಅವನಿಗೆ ಹೊಸಬರೇನಲ್ಲ.

"ಕೀನೋಟ್ ಬೇಡ್ವಾ ಅಪ್ಪಾ? ನಿನ್ನೆಯೆಲ್ಲ ಅದನ್ನೇ ಹಿಡ್ಕೊಂಡಿದ್ದೆ" ಎಂದಳು ಮಗಳು.

"ಅದು ಇಲ್ಲಿಯವರೇ ಕಟ್ಟಿದ ಪೆಟ್ಟಿಗೆ, ಇಲ್ಲೇ ಯಾರಾದರೂ ಕೇಳಲಿ ಬಿಡು. ಅದರ ಸಂಗೀತ ನಂಗೆ ಇನ್ನೊಂದು ದಾರೀಲಿ ಸಿಗತ್ತೆ. ಇದು ಸಿಗಲ್ಲ."

ಮುಂದೆ ಬೆಲೆ ಏರುತ್ತದೆಂದು ಪೆಟ್ಟಿಗೆ ಕೊಳ್ಳುವವರೂ ಇದ್ದಾರೆ. ಅವರ ಲೆಕ್ಕ ಹಲವು ಸಲ ಕೈಕೊಡುತ್ತದೆ. ಯಾವುದೋ ಕಂಪನಿ ಅದೇ ಸಂಗೀತವನ್ನು ಮತ್ತೆ ಹೊರತಂದಿತೆಂದರೆ ಹಳೆಯದರ ಬೆಲೆ ಇಳಿಯಬಹುದು. ಕೇಳುವುದಕ್ಕೆಂದು ಕೊಂಡವನಿಗೆ ಆ ಚಿಂತೆಯಿಲ್ಲ.

ದುಡ್ಡು ಕೊಟ್ಟು ಹೊರಬಂದಾಗ ಚೀಲದಲ್ಲಿ ಇನ್ನೂ ಜಾಗ ಉಳಿದಿತ್ತು. ಹೊರಬಾಗಿಲ ಹತ್ತಿರದ ಅಗ್ಗದ ಪೆಟ್ಟಿಗೆಯಲ್ಲಿ ಮಗಳ ಕೈಗೆ ಸಿಕ್ಕಿದ್ದು 'ಜ್ಯೋತಿ'. ಕವರಿನ ಮೇಲೆ ಕರ್ನಾಟಕ ಎಂಬ ಹೆಸರು ಕಂಡು ಅವಳು ಅಲ್ಲೇ ನಿಂತಳು. ಅದನ್ನು ಕೊಂಡದ್ದು ಅವಳ ದುಡ್ಡಿನಿಂದ.

ಆ ರಾತ್ರಿ ಸಾಮಾನು ಕಟ್ಟುವಾಗ ಯಜಮಾನರು ಒಂದು ಚೀಟಿ ಬರೆದರು. ಎಲ್ಲಿ, ಯಾವಾಗ, ಎಷ್ಟಕ್ಕೆ ಕೊಂಡದ್ದು, ಯಾಕೆ ಕೊಂಡದ್ದು, ಬೇಡವಾದಾಗ ಯಾರನ್ನು ಕೇಳಿ ಕೊಡಬೇಕು ಎಂಬ ವಿವರ. ಅದನ್ನು ಬೆನೆಡೆಟ್ಟಿ ಪೆಟ್ಟಿಗೆಯ ಪುಸ್ತಿಕೆಯೊಳಗೆ ಸೇರಿಸಿದರು. ಊರಿಗೆ ಹೋದ ಮೇಲೆ ಮನೆಯಲ್ಲಿರುವ ಉಳಿದ ಪೆಟ್ಟಿಗೆಗಳಿಗೂ ಹೀಗೇ ಬರೆದಿಡಬೇಕೆಂದು ಅವರ ಎಣಿಕೆ.

ಮಗಳು ಚೀಟಿಯನ್ನು ಓದಿ ಮತ್ತೆ ಅಲ್ಲೇ ಇಟ್ಟಳು. 'ಜ್ಯೋತಿ'ಯನ್ನು ಮಾತ್ರ ಸೂಟ್‌ಕೇಸಿಗೆ ಹಾಕಲು ಬಿಡಲಿಲ್ಲ. "ಇದು ಇಲ್ಲೇ ಇರ್ಲಿ. ಒಂದು ಪ್ಲೇಯರ್ ತಗೋತೀನಿ" ಎಂದಳು.